ಹೊಂಗೆ ಮರದ ಬುಡದ ಕಲ್ಲು

ಅವ್ವಾ,

ಹಡೆದವ್ವನಿಗೂ ನಾನು ಇಷ್ಟುದ್ದದ ಕಾಗದ ಬರೆದವಳಲ್ಲ. ಮನೆ ಓನರಮ್ಮನನ್ನು ಅವ್ವ ಎಂದು ಕರೆಯುವ ಬಾಡಿಗೆಯವಳು ಇಡೀ ಸುದ್ದಗುಂಟೆಪಾಳ್ಯದಲ್ಲಿ ನಾನೊಬ್ಬಳೇ ಎಂದು ನೀವು ಎಲ್ಲರೆದುರೂ ಹೇಳಿಕೊಂಡು ನಗುತ್ತಿದ್ದಿರಿ. ಈಗ ನಾವು ನಿಮ್ಮ ಮನೆಯಲ್ಲಿಲ್ಲ. ತಿಲಕ್ ನಗರಕ್ಕೆ ಬಂದು ಹದಿನೈದು ದಿನವಾಯಿತು. ನಿಮ್ಮ ಮಗ ನಾಗರಾಜಣ್ಣ ಖಾಲಿ ಮಾಡಿಸಿದರು. ಅದರಲ್ಲಿ ಅವರ ತಪ್ಪಿಲ್ಲ. ತಪ್ಪು ನನ್ನದು, ಸ್ವಲ್ಪ ನಿಮ್ಮದೂ ಹೌದು. ಹೋದವರ ಮೇಲೆ ತಪ್ಪು ಹೊರಿಸಬಾರದು ಅಂತಾರೆ. ಆದರೆ ನೀವಿದ್ದಾಗಲೂ ನಿಮ್ಮ ಹತ್ತಿರ ನಾನು ಮುಲಾಜು ಇಟ್ಟುಕೊಂಡವಳಲ್ಲ. ನನ್ನಿಂದ ಒಂದು ಮಾತು ತೆಗೆದುಕೊಂಡು ನೀವು ಕಣ್ಣು ಮುಚ್ಚಿದಿರಿ. ಆ ಮಾತು ಏನಾಯಿತು ಎಂದು ಹೇಳಬೇಕಲ್ಲ, ಅದಕ್ಕೇ ಈ ಕಾಗದ.

ತೊಂಬತ್ತೇಳರಲ್ಲಿ ಗದಗಿನಿಂದ ಎರಡು ಟ್ರಂಕು, ಒಂದು ಸ್ಟವ್ ಹೊತ್ತು, ಕೈಕೂಸನ್ನು ಎತ್ತಿಕೊಂಡು ನಾನೂ ನಮ್ಮ ಮನೆಯವರೂ ಬಂದಿಳಿದ ದಿನ ನೀವು ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಿರಿ. "ಯಾವ್ ಕಡೆಯೋರು?" ಅಂದಿರಿ. ಗದಗ ಅಂದೆ. "ಹುಬ್ಳಿ ಪಕ್ಕನಾ?" ಹೌದ್ರಿ ಅಂದೆ. ಅಷ್ಟೇ, ಅವತ್ತಿನಿಂದ ನಾನು ಹುಬ್ಳಿ. ಸುವರ್ಣಾ ಎಂಬ ಹೆಸರು ನಿಮ್ಮ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. "ನೀವ್ ಮಲಗೋ ಕೋಣೆ ಐತಲ್ಲ, ಅಲ್ಲೇ ನಮ್ ಗೌರಿ ಕಟ್ಟಾಕ್ತಿದ್ದಿದ್ದು" ಎಂದು ಎರಡನೇ ಮಾತಿಗೇ ಹೇಳಿದಿರಿ. ಗೌರಿಯನ್ನೂ ಅವಳ ಕರುವನ್ನೂ ಮಾರಿ, ಕೊಟ್ಟಿಗೆ ಕೆಡವಿ, ಹಿತ್ತಲಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದರು ನಾಗರಾಜಣ್ಣ. ಅದಕ್ಕೆ ನೀವು ಅವರ ಜೊತೆ ಮಾತು ಬಿಟ್ಟು ಆಗಲೇ ಎರಡು ವರ್ಷ. ಒಂದೇ ಮನೆ, ಒಂದೇ ಅಡುಗೆ. ಅವರಿಗೆ ಏನಾದರೂ ಹೇಳಬೇಕಾದರೆ ನೀವು ಗೋಡೆಗೆ ಹೇಳುತ್ತಿದ್ದಿರಿ. "ಮೋಟ್ರು ಕೆಟ್ಟೈತಂತೆ ಕಣಪ್ಪಾ ಗೋಡೆ." ಗೋಡೆಯ ಆಚೆಯಿಂದ "ಆಯ್ತು" ಎಂದು ಉತ್ತರ ಬರುತ್ತಿತ್ತು. ನನಗೆ ನಗು. ನಿಮಗೆ ಅದು ನಗುವ ವಿಷಯ ಆಗಿರಲಿಲ್ಲ ಎಂದು ಬಹಳ ತಡವಾಗಿ ಗೊತ್ತಾಯಿತು.

ಮೊದಲ ಭಾನುವಾರ ನೀವು ತೋಟಕ್ಕೆ ಬಂದದ್ದು ಕೆಲಸಕ್ಕಲ್ಲ, ನೋಡಿ ನಗುವುದಕ್ಕೆ. ನಮ್ಮ ಬೀದಿಯ ಕೊನೆಯ ಆ ಖಾಲಿ ಜಾಗ ಲೇಔಟ್ ನಕ್ಷೆಯಲ್ಲಿ ಉದ್ಯಾನವನ. ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ಮನೆ ಒಡೆದ ಕಲ್ಲುಮಣ್ಣು, ಪಾರ್ಥೇನಿಯಂ ಗಿಡ, ನಡುವೆ ಒಂದು ಹೊಂಗೆ ಮರ. ರಿಟೈರ್ಡ್ ಮೇಷ್ಟ್ರು ಮೂರ್ತಿ ಸಾರ್ ಹತ್ತು ಹದಿನೈದು ಮನೆಯವರನ್ನು ಸೇರಿಸಿ, ಭಾನುವಾರ ಬೆಳಿಗ್ಗೆ ಎಲ್ಲರೂ ಕೈ ಹಾಕಿದರೆ ಒಂದು ತೋಟ ಆಗುತ್ತದೆ ಎಂದು ಶುರು ಮಾಡಿದ್ದರು. ಆಫೀಸಿಗೆ ಹೋಗುವ ಕೈಗಳು, ಗುದ್ದಲಿ ಹಿಡಿದು ಅಭ್ಯಾಸವಿಲ್ಲ. ನೀವು ಸೊಂಟದ ಮೇಲೆ ಕೈಯಿಟ್ಟು ಐದು ನಿಮಿಷ ನೋಡಿ, ಮೂರ್ತಿ ಸಾರ್ ಕೈಯಿಂದ ಗುದ್ದಲಿ ಕಿತ್ತುಕೊಂಡಿರಿ. "ಮಣ್ಣೇನ್ ನಿಮ್ ಹಗೆನಾ ಮೇಷ್ಟ್ರೆ, ಹಂಗ್ ಚಚ್ತೀರಲ್ಲ?" ಆ ದಿನದಿಂದ ತೋಟ ನಿಮ್ಮದಾಯಿತು. ಆ ಜಾಗ ಒಂದು ಕಾಲಕ್ಕೆ ನಿಮ್ಮದೇ ರಾಗಿ ಹೊಲ ಅಂತ ನೀವಾಗಿ ಹೇಳಲೇ ಇಲ್ಲ. ಮೂರ್ತಿ ಸಾರ್ ಬೇರೆ ಯಾರಿಂದಲೋ ಕೇಳಿ ತಿಳಿದುಕೊಂಡರು.

ಬದನೆ ಮೊದಲ ಸಲ ಕಾಯಿ ಬಿಟ್ಟಾಗ ನನ್ನ ಕೈಗೆ ನೀವು ಹೊಡೆದದ್ದು ನೆನಪಿದೆಯೇ? ನಾನು ನೆಟ್ಟ ಗಿಡ, ನಾನೇ ಕೀಳಲು ಹೋಗಿದ್ದೆ. "ನೆಟ್ಟೋರು ಕೀಳಂಗಿಲ್ಲ" ಎಂದು ಅಲ್ಲೇ ಕಾನೂನು ಮಾಡಿದಿರಿ. ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ಕೀಳಬೇಕು, ಮೂರನೆಯವರು ಎಲ್ಲರಿಗೂ ಹಂಚಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಪ್ರತಿಯೊಬ್ಬರೂ ಅವರವರ ಪಾತಿಗೆ ಬೇಲಿ ಹಾಕಿಕೊಳ್ಳುತ್ತಾರೆ ಅಂದಿರಿ. ಇಂಗ್ಲಿಷ್ ಮಾತಾಡುವ ಮನೆಗಳವರೂ ಆ ಕಾನೂನನ್ನು ತುಟಿಪಿಟಕ್ಕೆನ್ನದೆ ಪಾಲಿಸಿದರು. ಊರು ಬಿಟ್ಟು ಬಂದ ನನಗೆ ಈ ಊರಲ್ಲಿ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕಿದ್ದು ಆ ತೋಟದಲ್ಲೇ. ಭಾನುವಾರ ಬೆಳಿಗ್ಗೆ ಆರೂವರೆಗೆ ಅಲ್ಲಿ ಹೋಗಿ ನಿಲ್ಲದಿದ್ದರೆ ನನಗೆ ವಾರವೇ ಕಳೆಯುತ್ತಿರಲಿಲ್ಲ.

ಟೇಪು ಹಿಡಿದು ಆ ಮೂವರು ಬಂದಾಗ ಅವರೆ ಹೂಬಿಟ್ಟಿತ್ತು. ಅಳತೆ ಮಾಡಿದರು, ನಾಲ್ಕು ಮೂಲೆಗೆ ಗೂಟ ಹೊಡೆದರು. ಬಿಳಿ ಶೂ ಹಾಕಿದ್ದವನು ಒಂದು ಜೆರಾಕ್ಸ್ ತೋರಿಸಿ, "ಇದು ನಮ್ ಸೈಟು. ಮುಂದಿನ್ ಬುಧವಾರ ಕಾಂಪೌಂಡ್ ಎಬ್ಬಿಸ್ತೀವಿ. ನಿಮ್ ಸೊಪ್ಪು ಸದೆ ಕಿತ್ಕೊಂಡು ಹೋಗಿ" ಅಂದ. ನಾನು ಕೆಲಸಕ್ಕಿದ್ದ ಬಿಟಿಎಂ ಬಸ್ ಸ್ಟಾಪಿನ ಡಿಟಿಪಿ ಅಂಗಡಿಯಲ್ಲಿ ಕೂತು ಆ ವಾರ ಟೈಪ್ ಮಾಡಿದ ಅರ್ಜಿಗಳೆಷ್ಟು! ಮೂರ್ತಿ ಸಾರ್ ಅವನ್ನು ಹಿಡಿದು ಕಚೇರಿ ಕಚೇರಿ ಅಲೆದರು. ಎಲ್ಲರೂ ಸೀಲು ಹೊಡೆದರು, ಯಾರೂ ಬರಲಿಲ್ಲ. ಶನಿವಾರ ಸಂಜೆ ಅವರು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸೋತ ಧ್ವನಿಯಲ್ಲಿ ತಮಾಷೆಗೆ ಅಂದರು: "ಬೆಂಗಳೂರಲ್ಲಿ ಜಾಗ ಉಳಿಸೋಕೆ ಒಂದೇ ದಾರಿ ಕಣಮ್ಮ. ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿಬಿಡೋದು. ಬುಲ್ಡೋಜರ್‌ನವನೂ ಕೈ ಮುಗಿದು ಹೋಗ್ತಾನೆ." ಅವರು ನಕ್ಕು ಮನೆಗೆ ಹೋದರು. ನನಗೆ ಮಾತ್ರ ನಗು ಬರಲಿಲ್ಲ.

ಅವತ್ತು ಅಂಗಡಿಯಿಂದ ಬಂದವಳು ನೇರ ಹಿತ್ತಲಿಗೆ ಹೋದೆ. ಕರಿಬೇವಿನ ಗಿಡದ ಪಕ್ಕ ನಿಮ್ಮ ಹಳೆಯ ರುಬ್ಬುವ ಗುಂಡು ಬಿದ್ದಿತ್ತು. ಮಿಕ್ಸಿ, ಗ್ರೈಂಡರು ಬಂದ ಮೇಲೆ ಒರಳನ್ನು ಯಾರೋ ಒಯ್ದಿದ್ದರು, ಗುಂಡು ಮಾತ್ರ ಅನಾಥವಾಗಿ ಉಳಿದಿತ್ತು. ಅದನ್ನು ಬಕೆಟ್ಟಿಗೆ ಹಾಕಿ, ಮೇಲೆ ತರಕಾರಿ ಸಿಪ್ಪೆ ತುಂಬಿದೆ. ತೋಟದ ಗೊಬ್ಬರದ ಗುಂಡಿಗೆ ದಿನಾ ಸಿಪ್ಪೆ ಒಯ್ಯುವವಳು, ಯಾರು ಕೇಳುತ್ತಾರೆ? ದಾರಿಯಲ್ಲಿ ನೀವೇ ಎದುರಾಗಿ, "ಏನೇ ಹುಬ್ಳಿ, ಅಷ್ಟ್ ತಿಣುಕ್ತಿದ್ದೀಯ?" ಅಂದಿರಿ. ಹಲಸಿನ ಹಣ್ಣಿನ ಸಿಪ್ಪೆ ಅಂದುಬಿಟ್ಟೆ. ಹೊಂಗೆ ಬುಡದಲ್ಲಿ ಮೊಣಕೈಯಾಳ ತೋಡಿ, ಹಿಡಿ ಸಿಗಿಸುವ ತೂತು ಕೆಳಗೆ ಬರುವಂತೆ ತಲೆಕೆಳಗು ಹೂತೆ. ರುಬ್ಬಿ ರುಬ್ಬಿ ನುಣುಪಾದ ಬುಡ ಮೇಲಕ್ಕೆ. ಅದರ ಮೇಲೆ ನಾಲ್ಕು ಬೆರಳು ಮಣ್ಣು. ಹಿಂದಿರುಗಿ ನೋಡದೆ ಮನೆಗೆ ಬಂದೆ. ದೇವರ ಭಯವೋ, ಜನರ ಭಯವೋ…

ಮರುದಿನ ಬೆಳಿಗ್ಗೆ ಮೂರ್ತಿ ಸಾರ್‌ಗೆ, ಹೊಂಗೆ ಬುಡದಲ್ಲಿ ಅರಿಶಿನದ ಗೆಡ್ಡೆ ಹಾಕೋಣ್ರಿ ಅಂದವಳು ನಾನೇ. ಗುದ್ದಲಿ ಠಣ್ಣೆಂದಿತು. ಮಣ್ಣು ಸರಿಸಿದರು, ಕಪ್ಪು ನೆತ್ತಿ ಕಂಡಿತು. ಎಲ್ಲರೂ ನಿಂತಲ್ಲೇ ನಿಂತರು. ನೀವು ಬಂದಿರಿ, ಕುಕ್ಕರಗಾಲಲ್ಲಿ ಕೂತಿರಿ, ಸೆರಗಿನಲ್ಲಿ ಅದರ ಮೈ ಒರೆಸಿದಿರಿ. ಒರೆಸುತ್ತ ಒರೆಸುತ್ತ ನಿಮ್ಮ ಕೈ ನಿಂತಿತು. ಎಷ್ಟು ಹೊತ್ತು ನಿಂತಿತ್ತು ಅವ್ವಾ? ಆಮೇಲೆ ತಲೆಯೆತ್ತಿ, ಯಾರನ್ನೂ ನೋಡದೆ ಅಂದಿರಿ: "ಗಂಗಮ್ಮ ಕಣ್ರಪ್ಪ. ಹಣ್ಣು ಕಾಯಿ ತನ್ನಿ." ನೀವು ನಂಬಿದಿರಿ ಎಂದುಕೊಂಡೆ. ಗೆದ್ದೆ ಎಂದುಕೊಂಡೆ.

ಬುಧವಾರ ಆ ಬಿಳಿ ಶೂನವನು ಗಾರೆ ಕೆಲಸದವರನ್ನು ಕರೆದುಕೊಂಡು ಬಂದ. ಹೊಂಗೆ ಬುಡದಲ್ಲಿ ಕುಂಕುಮ, ಸೇವಂತಿಗೆ, ಊದುಬತ್ತಿ, ಸುತ್ತ ಏಳೆಂಟು ಹೆಂಗಸರು. ಮೇಸ್ತ್ರಿ ದೂರದಲ್ಲೇ ಚಪ್ಪಲಿ ಬಿಟ್ಟು ಕೈಮುಗಿದ. "ಸಾರ್, ಈ ಜಾಗದಲ್ಲಿ ನಾನ್ ಪಾಯ ತೆಗಿಯಲ್ಲ, ನಂಗೂ ಮಕ್ಳವ್ರೆ" ಅಂದ. ಅರ್ಧ ಗಂಟೆ ಜಗಳವಾಡಿ ಅವರೇ ಹೊರಟರು. ಗೂಟ ಕಿತ್ತು ಅವರೆ ಬಳ್ಳಿಗೆ ಆಸರೆ ಕೊಟ್ಟಿರಿ ನೀವು. ಮೂರ್ತಿ ಸಾರ್ ನನ್ನನ್ನು ಒಂದು ಥರಾ ನೋಡಿದರು, ಏನೂ ಕೇಳಲಿಲ್ಲ.

ಅದಾದ ನಾಲ್ಕನೇ ದಿನವೋ ಐದನೇ ದಿನವೋ, ನಿಮ್ಮ ಹಿಂದೆ ನಾಗರಾಜಣ್ಣ ನೀರಿನ ಕೊಡ ಹೊತ್ತು ತೋಟದೊಳಗೆ ಬಂದದ್ದನ್ನು ನೋಡಿ ನಾನು ಕಳೆ ಕೀಳುವುದನ್ನೇ ಮರೆತೆ. ನಮ್ಮಮ್ಮನ ಹೊಲದಲ್ಲಿ ದೇವತೆ ಎದ್ದಿದ್ದಾಳೆ ಎಂದು ಅವರಿಗೆ ಎದೆಯುಬ್ಬಿತ್ತು. ನೀವು ಕಲ್ಲಿಗೆ ನೀರು ಹಾಕಿದಿರಿ, ಅವರು ಹೂವು ಕೊಟ್ಟರು. ಬರುವಾಗ "ಬಿಸ್ಲು ಜಾಸ್ತಿ ಐತೆ, ಟವಲ್ ಹಾಕ್ಕೊ ತಲೆಗೆ" ಅಂದಿರಿ. ಗೋಡೆಗಲ್ಲ, ಅವರಿಗೆ. ಆವತ್ತಿನಿಂದ ಬೆಳಿಗ್ಗೆ ಬೆಳಿಗ್ಗೆ ತಾಯಿ ಮಗ ಜೊತೆಯಾಗಿ ಬೀದಿಯಲ್ಲಿ ನಡೆದು ಬರುವುದು ನೋಡಿ, ನಾನು ಮಾಡಿದ್ದರಲ್ಲಿ ಪುಣ್ಯವೂ ಇದೆ ಎಂದು ಸಮಾಧಾನ ಮಾಡಿಕೊಂಡೆ. ಮಾಡಿಕೊಳ್ಳದೆ ಏನು ಮಾಡಲಿ?

ಬೇಲಿಯೇ ಎದ್ದು ಹೊಲ ಮೇಯ್ದದ್ದು ಎರಡನೇ ವರ್ಷ. ನಾಗರಾಜಣ್ಣ ಒಂದು ಸಮಿತಿ ಮಾಡಿದರು. ಮೊದಲು ತೋಟದೊಳಗೆ ಚಪ್ಪಲಿ ಹಾಕಬಾರದು ಅಂದರು. ಮುಳ್ಳು, ಗಾಜಿನ ಚೂರು ಇರುವ ನೆಲ, ಬರಿಗಾಲಲ್ಲಿ ಅಗೆಯುವುದು ಹೇಗೆ? ಆಮೇಲೆ ಗೊಬ್ಬರದ ಗುಂಡಿ ಮುಚ್ಚಿಸಿದರು, ದೇವರ ಹತ್ತಿರ ವಾಸನೆ ಅಂತ. ಆಮೇಲೆ ಮುಟ್ಟಾದ ಹೆಂಗಸರು ಒಳಗೆ ಬರಬಾರದು ಅಂದರು. ಭಾನುವಾರ ಬರುತ್ತಿದ್ದ ಹದಿನೈದು ಮನೆ ಆರಕ್ಕಿಳಿಯಿತು. ಒಂದು ದಿನ ಅವರು ನಮ್ಮ ಡಿಟಿಪಿ ಅಂಗಡಿಗೆ ಬಂದು, ನನ್ನೆದುರು ಕೂತು, ಕರಪತ್ರ ಹೇಳಿ ಬರೆಸಿದರು. "ಉದ್ಭವ ಗಂಗಮ್ಮ ದೇವಿ. ಹಾಕಿ ಮೇಡಂ, ದಪ್ಪ ಅಕ್ಷರ. ತಾನಾಗೇ ಭೂಮಿಯಿಂದ ಮೂಡಿ ಬಂದ ಅಂತ ಬರ್ಲಿ." ನಾನು ಟೈಪ್ ಮಾಡಿದೆ ಅವ್ವಾ. ದಪ್ಪ ಅಕ್ಷರದಲ್ಲೇ. ಹೊಂಗೆ ಮರ ತೆಗೆದು ಗರ್ಭಗುಡಿ, ಪಾತಿಗಳ ಮೇಲೆ ಸಮುದಾಯ ಭವನ ಎಂದು ಕೆಳಗೆ ಸೇರಿಸುವಾಗ ನನ್ನ ಬೆರಳು ತಡವರಿಸಿತು. "ಯಾಕ್ ಮೇಡಂ, ಕರೆಂಟ್ ಹೋಯ್ತಾ?" ಅಂದರು. ಅವರ ಮುಖದಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನೀವು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಸೊಸೆ ಅಂಗಡಿಗೆ ಹೋಗಿದ್ದಳು. ಎರಡು ಚಮಚ ಕುಡಿದು ನೀವು, ಹಾಲಿಗೆ ಹೇಳಬೇಕಾ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಿರಿ: "ನನ್ ರುಬ್ಬೋ ಗುಂಡ್ನ ಯಾವಾಗ್ಲೆ ವಾಪಸ್ ತಂದ್ಕೊಡ್ತೀಯ?"

ಚಮಚ ಕೈಯಲ್ಲೇ ಉಳಿಯಿತು. ನಿಮಗೆ ನಗು. "ಮೂವತ್ತು ವರ್ಸ ಅದ್ರಲ್ಲಿ ಹಿಟ್ಟು ರುಬ್ಬಿವ್ನಿ. ನಾನ್ ಎಡಗೈಯೋಳು, ಒಂದ್ ಮಗ್ಗುಲು ಸವ್ದೋಗೈತೆ. ಕೈ ಇಟ್ಟ ತಕ್ಷಣ ಗೊತ್ತಾಯ್ತು ಬುಡು. ಅವರೆ ಹೂಬಿಡೋ ಕಾಲ್ದಲ್ಲಿ ಹಲಸಿನ್ ಸಿಪ್ಪೆಯಂತೆ."

"ಮತ್ತ ಯಾಕ ಸುಮ್ಮನಿದ್ರಿ ಅವ್ವಾ?" ಅಂದೆ.

"ನೀನ್ಯಾಕ್ ಆ ಕೆಲ್ಸ ಮಾಡ್ದೆ?"

"ತೋಟ ಹೋಗತಿತ್ತಲ್ಲರಿ."

"ನಂಗೆ ಮಗ ಹೋಗಿದ್ನಲ್ಲೆ" ಅಂದಿರಿ. ವರ್ಷಗಟ್ಟಲೆ ಗೋಡೆಗೆ ಮಾತಾಡಿ ಸಾಕಾಗಿತ್ತು, ಸೋಲೋಕೆ ಒಂದು ನೆಪ ಬೇಕಿತ್ತು, ನೀನು ತಂದು ನೆಟ್ಟೆ ಅಂದಿರಿ. ನಾನು, ಹಾಗಾದರೆ ಈಗಲಾದರೂ ನೀವೇ ಅವರಿಗೆ ಹೇಳಿಬಿಡಿ, ಗುಡಿ ಕಟ್ಟುವುದು ನಿಲ್ಲಲಿ ಅಂದೆ. ನೀವು ಗೋಡೆ ಕಡೆ ತಿರುಗಿಕೊಂಡಿರಿ. "ದಿನಾ ಬೆಳಿಗ್ಗೆ ಆ ಕಲ್ ಮೇಲಿನ್ ಹೂವು ತಂದು ನನ್ ಕಣ್ಗೊತ್ತಿ, ದಿಂಬಿನಡಿ ಇಡ್ತಾನೆ. ಬೇಗ ಹುಷಾರಾಗವ್ವ ಅಂತಾನೆ. ಹೆಂಗೇಳ್ಲೆ? ನಾನ್ ಇರೋಗಂಟ ಅದ್ನ ಎತ್ಬ್ಯಾಡ. ನಾನ್ ಹೋದ್ ಮ್ಯಾಕೆ ಇರಕ್ ಬುಡ್ಬ್ಯಾಡ. ನನ್ ಹೊಲದ್ ಮ್ಯಾಲೆ ಕಾಂಕ್ರೀಟ್ ಬೀಳಬಾರ್ದು." ಎಡಗೈ ಮುಂದೆ ಚಾಚಿದಿರಿ. ಅದರ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಕೊಡುವಾಗ ನೀವು ಇನ್ನೂ ಐದಾರು ವರ್ಷ ಇರುತ್ತೀರಿ ಎಂಬ ಧೈರ್ಯವಿತ್ತು.

ನಿಮ್ಮ ಹನ್ನೊಂದನೇ ದಿನದ ಕಾರ್ಯ ಮುಗಿದ ಊಟದ ಪಂಕ್ತಿಯಲ್ಲೇ ಗುದ್ದಲಿ ಪೂಜೆಯ ದಿನ ಗೊತ್ತಾಯಿತು. "ಅಮ್ಮನ ಹೆಸ್ರಲ್ಲೇ ಗುಡಿ ಕಟ್ಟಿಸ್ತೀನಿ" ಎಂದು ನಾಗರಾಜಣ್ಣ ಬಡಿಸುತ್ತ ಬಡಿಸುತ್ತ ಅತ್ತರು. ಹೇಳಿದರೆ ಮನೆ ಹೋಗುತ್ತದೆ, ಮಗು ಎರಡನೇ ಕ್ಲಾಸು, ಶಾಲೆ ಅದೇ ಬೀದಿಯ ಹಿಂದೆ. ಬೀದಿಯಲ್ಲಿ ಮುಖ ಎತ್ತಿ ನಡೆಯುವ ಹಾಗಿರುವುದಿಲ್ಲ. ಹೇಳದಿದ್ದರೆ ನಿಮ್ಮ ಹೊಲ ಹೋಗುತ್ತದೆ. ನಮ್ಮ ಮನೆಯವರಿಗೆ ಎಲ್ಲ ಬಿಚ್ಚಿ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತು ಕೂತು, "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ನಿನ್ನ ಜೋಡಿ ನಾನೂ ಉಣ್ಣಬೇಕಾತು" ಅಂದರು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಗುದ್ದಲಿ ಪೂಜೆಗೆ ಐದು ದಿನ ಮುಂಚೆ, ಭಾನುವಾರ ಸಂಜೆ, ತೋಟದಲ್ಲೇ ಸಭೆ ಇತ್ತು. ಶಾಮಿಯಾನ ಹಾಕಲು ನಿಮ್ಮ ಬೆಂಡೆ ಪಾತಿ ತುಳಿದಿದ್ದರು. ಅರವತ್ತು ಎಪ್ಪತ್ತು ಜನ. ಯಾರಿಗಾದರೂ ಮಾತಾಡಲಿಕ್ಕಿದೆಯೇ ಎಂದು ಕೇಳಿದಾಗ ನಾನು ಎದ್ದೆ. "ಆ ಕಲ್ಲು ಉದ್ಭವ ಆಗಿದ್ದಲ್ರಿ. ನಾನ ಹೂತಿದ್ದು. ಅದು ಪಿಳ್ಳಮ್ಮವ್ವನ ಹಿತ್ತಲದಾಗಿನ ರುಬ್ಬು ಗುಂಡು" ಅಂದೆ. ಒಂದು ಕ್ಷಣ ಯಾರಿಗೂ ಅರ್ಥವೇ ಆಗಲಿಲ್ಲ. ಆಮೇಲೆ ಎದ್ದ ಗಲಾಟೆ ಇದೆಯಲ್ಲ… "ತೋಟ ಬೇಕು ಅಂತ ದೇವ್ರ ಮೇಲೆ ಸುಳ್ಳು ಹೇಳ್ತಾಳೆ." "ಊರು ಬಿಟ್ಟು ಬಂದೋಳಿಗೆ ಈ ಊರಿನ ದೇವ್ರು ಏನ್ ಗೊತ್ತು?" ಮುಂದಿನ ಸಾಲಿನ ಒಬ್ಬ ಹಿರಿಯರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ನಿಧಾನವಾಗಿ ಕೇಳಿದರು: "ಅಲ್ಲಮ್ಮ, ಪಿಳ್ಳಮ್ಮನೇ ಅದುಕ್ಕೆ ಮೊದಲ್ನೇ ಪೂಜೆ ಮಾಡಿದ್ಲು. ಅವ್ಳ ಗುಂಡು ಅವ್ಳಿಗೇ ಗುರುತು ಸಿಗ್ಲಿಲ್ವಾ?"

ಏನು ಹೇಳಲಿ ಅವ್ವಾ? ನಾಗರಾಜಣ್ಣನ ಕಣ್ಣು ನನ್ನ ಮೇಲೇ ಇತ್ತು. ಆ ಪ್ರಶ್ನೆ ಕೇಳಿಸಲೇ ಇಲ್ಲ ಎಂಬಂತೆ, "ಎತ್ತಿ ನೋಡ್ರಿ" ಅಂದೆ. "ತೆಳಗ ಹಿಡಿ ಹಾಕೋ ತೂತು ಇಲ್ಲ ಅಂದ್ರ ನಾಳೇನ ಊರು ಬಿಡತೀನಿ." ಎತ್ತಬಾರದು, ಅಪಚಾರ, ಎತ್ತಿದವರ ವಂಶ ಉಳಿಯಲ್ಲ ಎಂದು ನಾಲ್ಕೂ ಕಡೆಯಿಂದ ಕೂಗು. ನಾನು ಹೊಂಗೆ ಕಡೆ ಒಂದು ಹೆಜ್ಜೆ ಇಟ್ಟೆ, ಇಬ್ಬರು ಅಡ್ಡ ನಿಂತರು. ಮೂರ್ತಿ ಸಾರ್ ನನ್ನ ಪಕ್ಕ ಬಂದು ನಿಂತು, ಮೊದಲ ಸಲ ಬಾಯಿ ಬಿಟ್ಟರು: "ಆ ಉಪಾಯ ಹೇಳಿಕೊಟ್ಟವನು ನಾನೇ. ನನ್ನನ್ನೂ ಸೇರಿಸಿ ಬೈಯಿರಿ." ಯಾರೋ ಅವರ ಅಂಗಿ ಹಿಡಿದರು.

ಆಗ ನಾಗರಾಜಣ್ಣ ಕುರ್ಚಿಯಿಂದ ಎದ್ದು, "ಎಲ್ರೂ ದೂರ ಸರೀರಿ" ಅಂದರು. ಪಂಚೆ ಎತ್ತಿ ಕಟ್ಟಿದರು. ಕಲ್ಲಿನ ಮುಂದೆ ಮಂಡಿಯೂರಿ ಕೈಮುಗಿದು, ಹೂವು ತೆಗೆದು ಪಕ್ಕಕ್ಕಿಟ್ಟು, ಬರಿಗೈಯಲ್ಲಿ ಸುತ್ತಲ ಮಣ್ಣು ಕೆದರತೊಡಗಿದರು. ಬಲಗೈ ಮೊಣಕೈವರೆಗೂ ಕಲ್ಲಿನ ಕೆಳಗೆ ಹೋಯಿತು. ನಿಂತಿತು. ಅವರ ಬೆರಳಿಗೆ ತೂತು ಸಿಕ್ಕಿತು ಎಂದು ಅವರ ಬೆನ್ನು ನೋಡಿಯೇ ನನಗೆ ಗೊತ್ತಾಯಿತು. ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಕೈ ಹೊರಗೆ ತೆಗೆದು "ಏನೂ ಇಲ್ಲ" ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಗುಡಿ ಏಳುತ್ತಿತ್ತು, ಸಮಿತಿ ಉಳಿಯುತ್ತಿತ್ತು, ನಾನು ಗಂಟುಮೂಟೆ ಕಟ್ಟುತ್ತಿದ್ದೆ. ಅವರೂ ಅದನ್ನೇ ಯೋಚಿಸುತ್ತಿದ್ದರೋ ಏನೋ. ಅಷ್ಟು ಹೊತ್ತು ಅವರ ಕೈ ಮಣ್ಣೊಳಗೇ ಇತ್ತು.

ಮತ್ತೆ ಎರಡೂ ಕೈ ಹಾಕಿ, ಅದನ್ನು ಕಿತ್ತು, ತಿರುಗಿಸಿ ನೆಲದ ಮೇಲಿಟ್ಟರು. ತೂತಿನೊಳಗೆ ಮುರಿದ ಮರದ ಹಿಡಿಯ ಚೂರು ಇನ್ನೂ ಸಿಕ್ಕಿಕೊಂಡಿತ್ತು. "ಈ ಹಿಡಿ ನಮ್ಮಪ್ಪ ಕೆತ್ತಿದ್ದು. ನಾನ್ ಚಿಕ್ಕೋನಿದ್ದಾಗ ಮುರ್ದಾಕಿದ್ದೆ" ಅಂದರು, ಯಾರಿಗೂ ಹೇಳುತ್ತಿಲ್ಲ ಎಂಬಂತೆ. ಆಮೇಲೆ ಸಭೆಯ ಕಡೆ ತಿರುಗಿ, "ಇದು ನಮ್ಮನೇದು. ಎಲ್ರೂ ಮನೆಗೋಗಿ" ಎಂದು ಗುಂಡನ್ನು ಹೆಗಲ ಮೇಲೆ ಹೊತ್ತು ಹೊರಟರು. ಕರ್ಪೂರದ ತಟ್ಟೆ ಹಿಡಿದಿದ್ದ ಹೆಂಗಸು ನನ್ನ ಮುಂದೆ ಹಾದು ಹೋಗುವಾಗ ನೆಲಕ್ಕೆ ಉಗಿದಳು. ಉಗಿಸಿಕೊಂಡೆ. ಅದು ನನಗೆ ಸಲ್ಲಬೇಕಾದದ್ದೇ. ಅವಳೂ ನಿಜವಾಗಿಯೇ ಕೈಮುಗಿದವಳಲ್ಲವೇ?

ತೋಟ ಉಳಿದಿದೆ ಅವ್ವಾ. ಕಲ್ಲು ಹೋದ ಸುದ್ದಿ ಮುಟ್ಟಿದ್ದೇ ತಡ, ಬಿಳಿ ಶೂನವನು ಮತ್ತೆ ಬಂದನಂತೆ. ಅವತ್ತು ಗೇಟಿಗೆ ಅಡ್ಡ ನಿಂತವರು ನಾಗರಾಜಣ್ಣ ಎಂದು ಮೂರ್ತಿ ಸಾರ್ ಹೇಳಿದರು. "ಇದು ನಮ್ ಹೊಲ ಆಗಿತ್ತು. ಪಾರ್ಕಿಗೆ ಅಂತ ಬಿಟ್ಟಾಗ ನಮ್ಮಮ್ಮ ಹೆಬ್ಬೆಟ್ಟು ಒತ್ತಿದ್ ಕಾಗ್ದ ನನ್ ಹತ್ರ ಐತೆ. ನಿನ್ ಜೆರಾಕ್ಸ್ ತಗೊಂಡು ಬಾ, ಕೋರ್ಟಲ್ಲೇ ನೋಡೋಣ" ಅಂದರಂತೆ. ಅಲ್ಲಿಯವರೆಗೆ ಆ ಕಾಗದ ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಹೆಬ್ಬೆಟ್ಟೊತ್ತಿದ ನೀವೂ, ಕಾಗದ ಮಗನ ಕೈಯಲ್ಲಿದ್ದುದಕ್ಕೋ ಏನೋ, ಅದರ ಮಾತೆತ್ತಿರಲಿಲ್ಲ. ಅವರನ್ನು ಯಾರಾದರೂ ಕೇಳಿದ್ದರಲ್ಲವೇ ಗೊತ್ತಾಗಲು? ಅರ್ಜಿ ಹಿಡಿದು ಊರೆಲ್ಲ ಅಲೆದ ನಾವು ಪಕ್ಕದ ಗೋಡೆಯಾಚೆ ಇದ್ದ ಮನುಷ್ಯನನ್ನು ಒಂದು ಮಾತು ಕೇಳಿರಲಿಲ್ಲ. ಕೊಟ್ಟಿಗೆ 'ಕೆಡವಿದವನು' ತೋಟ ಉಳಿಸಿಯಾನೇ ಎಂದುಕೊಂಡಿದ್ದೆವು. ಆ ಪೆದ್ದುತನ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ. ಗೊಬ್ಬರದ ಗುಂಡಿ ಮತ್ತೆ ತೋಡಿದ್ದಾರೆ. ಹನ್ನೆರಡು ಮನೆಯವರು ಬರುತ್ತಿದ್ದಾರಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ಹೋಗುತ್ತಿಲ್ಲ. ನಾನು ಹೋದರೆ ನಾಗರಾಜಣ್ಣ ಬರುವುದಿಲ್ಲ. ಅವರು ಬರುವುದು ಮುಖ್ಯ.

ಖಾಲಿ ಮಾಡಿದ ದಿನ ಟೆಂಪೋಗೆ ಸಾಮಾನು ಹೇರಿ ಆಗಿತ್ತು. ಸಭೆಯಾದಂದಿನಿಂದ ಅವರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಖಾಲಿ ಮಾಡಿ ಎಂದು ಹೇಳಿ ಕಳಿಸಿದ್ದೂ ಹೆಂಡತಿಯ ಕೈಲಿ. ನಾನು ಕಡೆಯ ಸಲ ಕಸ ಗುಡಿಸುತ್ತಿದ್ದೆ. ಬಾಗಿಲಲ್ಲಿ ಬಂದು ನಿಂತರು. ಎರಡು ತಿಂಗಳಲ್ಲಿ ಹತ್ತು ವರ್ಷ ಹೆಚ್ಚಾದವರಂತೆ ಇಳಿದುಹೋಗಿದ್ದರು. "ಒಂದೇ ಒಂದು ಕೇಳ್ತೀನಿ, ನಿಜ ಹೇಳಿ" ಅಂದರು. "ದಿನಾ ಆ ಹೂವು ತಂದು ಅಮ್ಮನ ಕಣ್ಗೊತ್ತುತಿದ್ದೆ. ಕಡೇ ದಿನಾನೂ ಒತ್ತಿದೆ. ಅಮ್ಮಂಗೆ ಗೊತ್ತಿತ್ತಾ?"

ಪೊರಕೆ ಹಿಡಿದು ನಿಂತೆ. ಹೂಂ ಎಂದಿದ್ದರೆ, ಎಲ್ಲ ಗೊತ್ತಿದ್ದ ಅವ್ವ, ನನ್ನ ಪಾಪದಲ್ಲಿ ಪಾಲು ತೆಗೆದುಕೊಂಡ ಅವ್ವ ನನ್ನ ಪಾಲಿಗೆ ಉಳಿಯುತ್ತಿದ್ದಳು. ಅರ್ಧ ಭಾರ ಇಳಿಯುತ್ತಿತ್ತು. ಆದರೆ ನಿಮ್ಮ ಮಗ, ತಾನು ತಂದಿಟ್ಟ ಒಂದೊಂದು ಹೂವನ್ನೂ ವಾಪಸು ಎಣಿಸಿಕೊಂಡು ಕೂರಬೇಕಾಗುತ್ತಿತ್ತು. ಪ್ರತಿ ಬೆಳಿಗ್ಗೆ ಅಮ್ಮ ನನ್ನನ್ನು ನೋಡಿ ಒಳಗೊಳಗೇ ಏನೆಂದುಕೊಂಡಳು ಅಂತ.

"ಇಲ್ರಿ ಅಣ್ಣ" ಅಂದೆ. "ಅವ್ವಗ ಗೊತ್ತಿರಲಿಲ್ಲ. ನಂಬಿದ್ಲು."

ಅವರು ನನ್ನನ್ನು ನೋಡಿದ ಆ ನೋಟ ಅವ್ವಾ… ಸಾಯುವ ಮುದುಕಿಯನ್ನು, ಅದೂ ಅವ್ವ ಎಂದು ಕರೆದು, ಕಡೆಯತನಕ ಮೋಸ ಮಾಡಿದವಳನ್ನು ಹೇಗೆ ನೋಡಬೇಕೋ ಹಾಗೆ ನೋಡಿದರು. "ನಂಬಿದ್ಲಲ್ಲ, ಸಾಕು" ಅಂದರು. ಕಣ್ಣೊರೆಸಿಕೊಂಡು ಹೋದರು. ಇನ್ನು ಅವರು ನನ್ನ ಮುಖ ನೋಡುವುದಿಲ್ಲ. ನೋಡದಿರಲಿ. ಕಲ್ಲಿನ ವಿಷಯ ಎಪ್ಪತ್ತು ಜನರ ಮುಂದೆ ಹೇಳಿದವಳು ನಾನು. ಇದನ್ನು ಯಾರ ಮುಂದೆಯೂ ಹೇಳುವುದಿಲ್ಲ. ಇದು ನೀವು ಕೇಳದೆ, ನಾನಾಗಿ ಕೊಡುತ್ತಿರುವ ಭಾಷೆ.

ನಿಮ್ಮ,
ಹುಬ್ಳಿ